ಅಪ್ಪನ ಒಂಟಿನಳಿಗೆಯಿಂದ ಜೋಡಿನಳಿಗೆಗೆ

ರಾತ್ರಿ ಎರಡೂವರೆಗೆ ನಾಯಿ ಒಂದೇ ಸಮನೆ ಬೊಗಳತೊಡಗಿತು. ಕಿಟಕಿಯಿಂದ ನೋಡಿದರೆ ಅಂಗಳದ ಟಾರ್ಪಾಲು ಸರಿಸಿ ಇಬ್ಬರು ನಮ್ಮ ಅಡಕೆಯನ್ನು ಗೋಣಿಗೆ ತುಂಬುತ್ತಿದ್ದಾರೆ. ನಾನು ಫೋನ್ ಹುಡುಕುವಷ್ಟರಲ್ಲಿ ಎಪ್ಪತ್ತನಾಲ್ಕರ ಅಪ್ಪ ಕೋವಿ ಹಿಡಿದು ಪಕ್ಕಕ್ಕೆ ಬಂದಿದ್ದರು. ನಳಿಗೆಯನ್ನು ಬುಡದಲ್ಲಿ ಮಡಚಿ ತೆರೆದು ತೋಟೆ ತುರುಕಿದರು. ಅದು ಅರ್ಧಕ್ಕೆ ನಿಂತಿತು. ಕಾಗದದ ಹಳೇ ತೋಟೆ, ಎಷ್ಟು ಮಳೆಗಾಲ ಕಂಡಿತ್ತೋ, ಹೊಟ್ಟೆ ಊದಿತ್ತು. ಅಪ್ಪ ಹೆಬ್ಬೆರಳಿನಲ್ಲಿ ಒತ್ತುತ್ತಲೇ ಇದ್ದರು, ನಾನು ಅಂಗಳದ ಲೈಟ್ ಹಾಕಿದೆ. ಇಬ್ಬರೂ ಒಂದು ಗೋಣಿ, ಒಂದು ಹವಾಯಿ ಚಪ್ಪಲಿ ಬಿಟ್ಟು ಓಡಿದರು.

ತೋಟೆ ಹೋಗದ್ದಕ್ಕೆ ಅಪ್ಪನಿಗೆ ಬೇಸರ. ನನಗೆ ಮಾತ್ರ ಬೆಳಗ್ಗೆ ವಕೀಲ ಸ್ನೇಹಿತನಲ್ಲಿ ಮಾತಾಡಿದ ಮೇಲೆ ಕೈಕಾಲು ತಣ್ಣಗಾಯಿತು. ಸೂರ್ಯ ಮುಳುಗಿದ ಮೇಲೆ ಕನ್ನ ಹಾಕಿ ಮನೆಯೊಳಗೆ ನುಗ್ಗಿದವನ ವಿಷಯ ಬೇರೆ, ಅಂಗಳದ ಅಡಕೆ ಕದ್ದವನ ವಿಷಯ ಬೇರೆ. ಮೊದಲನೆಯದಕ್ಕೆ ಭಾರತೀಯ ನ್ಯಾಯ ಸಂಹಿತೆಯ 41ನೇ ಸೆಕ್ಷನ್ ಪ್ರಾಣ ತೆಗೆಯುವವರೆಗೂ ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ. ಅಲ್ಲೂ ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಾಗಿಲ್ಲ. ಪ್ರಾಣಭಯ ಹುಟ್ಟಿಸದ ಬರೀ ಕಳ್ಳತನಕ್ಕೆ ಆ ಹಕ್ಕು ಇಲ್ಲ. ಊದಿದ ತೋಟೆ ಆ ರಾತ್ರಿ ಅಪ್ಪನನ್ನು ಉಳಿಸಿತು ಅಂತಲೇ ನನ್ನ ಲೆಕ್ಕ.

ಆದರೂ ಮನೆಯಲ್ಲಿ ಒಂದು ಸರಿಯಾದ ಕೋವಿ ಬೇಕು ಅಂತ ಆಗಲೇ ತೀರ್ಮಾನಿಸಿದೆ. ನಮ್ಮದು ಉಡುಪಿ ಜಿಲ್ಲೆಯ ಪೆರ್ಡೂರಿನಿಂದ ಒಳಗೆ, ಹತ್ತಿರದ ಮನೆ ಎಂದರೆ ತೋಟ ದಾಟಿ ಆಚೆ. 2024ರ ಜುಲೈಯಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ಚಡ್ಡಿ ಗ್ಯಾಂಗ್ ವೃದ್ಧ ದಂಪತಿಯ ಮನೆಗೆ ನುಗ್ಗಿದ ಸುದ್ದಿ ಬಂದಾಗಿನಿಂದ ಅಮ್ಮ ಸಂಜೆ ಏಳಕ್ಕೇ ಚಾವಡಿ ಬಾಗಿಲು ಹಾಕಿಸುತ್ತಿದ್ದರು.

ಕೋವಿ ಇದ್ದದ್ದು ಅಪ್ಪನ ಹೆಸರಲ್ಲಿ, ಬೆಳೆ ರಕ್ಷಣೆಯ ಲೈಸನ್ಸ್. ಲೈಸನ್ಸುದಾರನಿಗೆ ಎಪ್ಪತ್ತು ತುಂಬಿದರೆ, ಅಥವಾ ಕೋವಿ ಇಪ್ಪತ್ತೈದು ವರ್ಷ ಅವನ ಕೈಯಲ್ಲಿದ್ದರೆ, ವಾರಸುದಾರನ ಹೆಸರಿಗೆ ಅರ್ಜಿ ಹಾಕಬಹುದು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ನಮ್ಮ ಕಡೆ ತುಂಬಾ ಜನ ಅಪ್ಪ ಹೋದ ಮೇಲೆ ಕೋವಿ ಮನೆಯಲ್ಲಿ ಬಾಕಿಯಾಗಿ ತಲೆಬಿಸಿ ಮಾಡಿಕೊಳ್ಳುತ್ತಾರೆ. ಮೊದಲೇ ಮಾಡಿಸಿಕೊಳ್ಳಿ. ಉಡುಪಿಯಲ್ಲಿ ಲೈಸನ್ಸ್ ಕೊಡುವುದು ಜಿಲ್ಲಾಧಿಕಾರಿ, ಮಂಗಳೂರು ನಗರದವರಿಗಾದರೆ ಪೊಲೀಸ್ ಕಮಿಷನರ್. ಠಾಣೆಯಿಂದ ವಿಚಾರಣೆ, ಡಾಕ್ಟರ ಸರ್ಟಿಫಿಕೇಟು, ಸುರಕ್ಷಾ ತರಬೇತಿಯ ಸರ್ಟಿಫಿಕೇಟು ಎಲ್ಲ ಬೇಕು. ಕೊಟ್ಟರೆ ಐದು ವರ್ಷಕ್ಕೆ. 2019ರ ತಿದ್ದುಪಡಿಯಾದ ಮೇಲೆ ಒಬ್ಬನಿಗೆ ಎರಡೇ ಕೋವಿ.

ಅಪ್ಪನದ್ದು ಒಂದು, ಎರಡನೆಯದು ಯಾವುದು ಎಂಬುದೇ ಪಂಚಾಯಿತಿ. ಭಾವ ರಿವಾಲ್ವರ್ ಪಕ್ಷ. ನಮ್ಮಂಥವರಿಗೆ ಸಿಗುವುದು .32 ಬೋರು, ಬೋರು ಎಂದರೆ ನಳಿಗೆಯ ಒಳಅಳತೆ. ಒಂಬತ್ತು ಎಂ.ಎಂ. ಆದರೆ ನಿಷೇಧಿತ ಬೋರು. ಕಾನ್ಪುರದಲ್ಲಿ ತಯಾರಾಗುವ ರಿವಾಲ್ವರೇ ಹೆಚ್ಚಿನವರು ತೆಗೆದುಕೊಳ್ಳುವುದು. 2014ರಲ್ಲಿ ಹೆಂಗಸರಿಗೆಂದು ಬಂದ ‘ನಿರ್ಭೀಕ್’ ಕೂಡ ಅದೇ ಬೋರು, ಅರ್ಧ ಕಿಲೋ ತೂಕ. ಕೈಗೆ ಚಂದ ಕೂರುತ್ತದೆ, ತಲೆದಿಂಬಿನ ಪಕ್ಕ ಇಡಬಹುದು ಅನ್ನಿಸುತ್ತದೆ. ನನ್ನನ್ನು ಹೆದರಿಸಿದ್ದೂ ಅದೇ. ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ, ಕೈಗೆ ಚಂದ ಕೂರುವ ವಸ್ತು ಅವಳ ಕೈಗೂ ಕೂರುತ್ತದೆ. ಮತ್ತೆ, ಕಿರು ನಳಿಗೆಯಲ್ಲಿ ನಡುಗುವ ಕೈಯಿಂದ ಗುರಿ ಹಿಡಿಯಲು ತಿಂಗಳು ತಿಂಗಳು ಅಭ್ಯಾಸ ಬೇಕು. ಲೈಸನ್ಸಿನಲ್ಲಿ ಬರೆದಷ್ಟೇ ತೋಟೆ, ಅದರ ಬೆಲೆಯೂ ಕಮ್ಮಿಯೇನಲ್ಲ. ನಾನು ಅಷ್ಟು ಅಭ್ಯಾಸ ಮಾಡುವವನಲ್ಲ ಎಂದು ನನಗೇ ಗೊತ್ತು.

ಹಾಗಾಗಿ ಹನ್ನೆರಡು ಬೋರಿನ ಜೋಡಿನಳಿಗೆ. ಹಿಡಿಯನ್ನು ಹಿಂದೆಮುಂದೆ ಜಾರಿಸಿ ತೋಟೆ ಏರಿಸುವ ಪಂಪ್ ಆ್ಯಕ್ಷನ್ ನೋಡಿದೆ, ನಮ್ಮ ಉಪ್ಪುಗಾಳಿಗೆ ಆ ಜಾರುವ ಭಾಗಗಳನ್ನು ನೋಡಿಕೊಳ್ಳುವುದು ನನ್ನಿಂದಾಗದು ಅನ್ನಿಸಿತು. ಜೋಡಿನಳಿಗೆಯನ್ನು ಮಡಚಿ ನೋಡಿದರೆ ಸಾಕು, ತೋಟೆ ಇದೆಯೋ ಇಲ್ಲವೋ ಕತ್ತಲಲ್ಲಿ ಬೆರಳಿಗೇ ಗೊತ್ತಾಗುತ್ತದೆ. ಕೊರತೆ ಒಂದೇ, ಉದ್ದ. ನಾಲ್ಕಡಿ ಹತ್ತಿರ. ನಮ್ಮ ಹಳೇ ಮನೆಯ ತಗ್ಗು ಬಾಗಿಲುಗಳಲ್ಲಿ ನಳಿಗೆ ಎರಡು ಸಲ ದಾರಂದಕ್ಕೆ ಬಡಿದಿದೆ. ‘ಒಂದು ಗೇಣು ಕೊಯ್ಸಿ ಮಾರಾಯ್ರೆ’ ಎಂದು ಸಲಹೆ ಕೊಟ್ಟವರೂ ಇದ್ದಾರೆ. ನಳಿಗೆ ಕತ್ತರಿಸುವುದು ಆಯುಧ ಕಾಯ್ದೆಯ ಪ್ರಕಾರ ಅಪರಾಧ, ಆ ಮಾತೇ ಬೇಡ.

ಹನ್ನೆರಡು ಬೋರಿಗೆ ಗುರಿ ಬೇಡ, ತೋಟೆಯೊಳಗಿನ ಸಣ್ಣ ಗುಂಡುಗಳು, ಅಂದರೆ ಚರೆ, ಹರಡಿಕೊಳ್ಳುತ್ತದೆ ಎಂದು ನಾನೂ ನಂಬಿದ್ದೆ. ತರಬೇತಿಯಲ್ಲಿ ಆರು ಮೀಟರ್ ದೂರದ ರಟ್ಟಿಗೆ ಹೊಡೆಸಿದರು. ನಮ್ಮ ಚಾವಡಿಯ ಒಂದು ತುದಿಯಿಂದ ಇನ್ನೊಂದಕ್ಕೆ ಅಷ್ಟೇ ದೂರ. ರಟ್ಟಿನಲ್ಲಿ ಆದದ್ದು ಚಹಾ ಸಾಸರಿನಷ್ಟು ತೂತು. ಮನೆಯೊಳಗಿನ ದೂರಕ್ಕೆ ಚರೆ ಒಂದೇ ಮುದ್ದೆಯಾಗಿ ಹೋಗುತ್ತದೆ, ಗುರಿ ತಪ್ಪಿದರೆ ಪೂರ್ತಿ ತಪ್ಪುತ್ತದೆ.

ತಪ್ಪಿದ್ದು ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದು ಕೋಣೆ ಕೋಣೆಯಲ್ಲಿ ನಿಂತು ನೋಡಿದೆ. ಹೊರಗೋಡೆ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು, ತೊಂದರೆಯಿಲ್ಲ. ಅಮ್ಮನ ಕೋಣೆಗೂ ಚಾವಡಿಗೂ ನಡುವೆ ಇರುವುದು ಪ್ಲೈವುಡ್ಡು. ಉಪ್ಪರಿಗೆಯ ನೆಲ ಹಲಸಿನ ಹಲಗೆ, ಮೇಲೆ ಮಗಳು ಮಲಗುತ್ತಾಳೆ. ಎಸ್‌ಜಿ ತೋಟೆಯ ದೊಡ್ಡ ಗುಂಡುಗಳಿಗೆ ಇವೆರಡೂ ಲೆಕ್ಕಕ್ಕಿಲ್ಲ. ಹಾಗಾಗಿ ನಾಲ್ಕನೇ ನಂಬ್ರದ ಸಣ್ಣ ಚರೆ ತಂದೆ. ಅದೂ ಪ್ಲೈವುಡ್ಡನ್ನು ಬಿಡುವುದಿಲ್ಲ, ಆದರೆ ದಾಟಿದ ಮೇಲೆ ಬೇಗ ಸೋಲುತ್ತದೆ. ಅದಕ್ಕಿಂತ ಮುಖ್ಯ, ಅಮ್ಮನ ಮಂಚವನ್ನೇ ಮುರಕಲ್ಲು ಗೋಡೆಯ ಹಿಂದಿನ ಕೋಣೆಗೆ ಸಾಗಿಸಿದೆ. ನಾನು ನಿಲ್ಲುವ ಜಾಗ ನಡುಕೋಣೆಯ ಮೂಲೆ ಎಂದು ನಿಶ್ಚಯ ಮಾಡಿದೆ. ಅಲ್ಲಿಂದ ಎದುರಿಗೆ ಬರೀ ಕಲ್ಲುಗೋಡೆ. ಕಳ್ಳನನ್ನು ಹುಡುಕಿಕೊಂಡು ಮನೆಯೆಲ್ಲ ತಿರುಗುವ ಯೋಚನೆಯೇ ಇಲ್ಲ. ಎಲ್ಲರೂ ಒಳಗೆ ಸೇರುವುದು, 112ಕ್ಕೆ ಫೋನ್, ನಾನು ಆ ಮೂಲೆಯಲ್ಲಿ.

ಕೋವಿ ಉಕ್ಕಿನ ಪೆಟ್ಟಿಗೆಯಲ್ಲಿ, ತೋಟೆ ಬೇರೆ ಬೀಗದಲ್ಲಿ. ಮೊದಲ ಸಲ ಗಡಿಯಾರ ಹಿಡಿದು ನೋಡಿದಾಗ ಮಂಚದಿಂದ ಎದ್ದು ಕೋವಿ ತುಂಬಿಸಲು ಒಂದು ನಿಮಿಷ ಐವತ್ತು ಸೆಕೆಂಡು ಹಿಡಿಯಿತು. ಅದರಲ್ಲಿ ಒಂದು ನಿಮಿಷ ಕನ್ನಡಕ ಹುಡುಕಲು. ಈಗ ಕನ್ನಡಕಕ್ಕೆ ಒಂದು ಮೊಳೆ ಹೊಡೆದಿದ್ದೇನೆ, ನಲವತ್ತು ಸೆಕೆಂಡಿಗೆ ಇಳಿದಿದೆ.

ಜೋರು ಮಳೆಯ ಆಟಿ ತಿಂಗಳಿನದ್ದೇ ಬೇರೆ ಕತೆ. ಅಪ್ಪ ತೆಂಗಿನೆಣ್ಣೆ ಹಚ್ಚಿ ಚರ್ಮದ ಚೀಲದಲ್ಲಿ ಇಡುತ್ತಿದ್ದರು. ಎಣ್ಣೆ ಅಂಟಾಗುತ್ತದೆ, ಚರ್ಮ ನೀರು ಹೀರುತ್ತದೆ, ಚೀಲದೊಳಗೇ ತುಕ್ಕು. ನಾನು ಕೋವಿ ಎಣ್ಣೆ ತೆಳ್ಳಗೆ ಒರೆಸಿ ಚೀಲವಿಲ್ಲದೆ ನಿಲ್ಲಿಸುತ್ತೇನೆ, ಮಳೆ ಮುಗಿಯುವವರೆಗೆ ಪ್ರತಿ ಭಾನುವಾರ ನಳಿಗೆಗೆ ಬಟ್ಟೆ ಎಳೆಯುತ್ತೇನೆ. ತೋಟೆ ಪ್ಲಾಸ್ಟಿಕ್ಕಿನದ್ದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ. ವರ್ಷಕ್ಕೊಮ್ಮೆ ಎಲ್ಲವನ್ನೂ ನಳಿಗೆಗೆ ಹಾಕಿ ತೆಗೆದು ನೋಡುವುದು, ಆ ರಾತ್ರಿ ಕಲಿಸಿದ ಪಾಠ.

ಚುನಾವಣೆ ಬಂತೆಂದರೆ ಇಷ್ಟೆಲ್ಲ ಮಾಡಿದ ಕೋವಿಯನ್ನು ಹೆಚ್ಚಾಗಿ ಠಾಣೆಗೆ ಡೆಪಾಸಿಟ್ ಮಾಡಬೇಕಾಗುತ್ತದೆ. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಅಪ್ಪನದ್ದು ಹೋಗಿತ್ತು. ಮಂಗನಿಗೂ ಹಂದಿಗೂ ನೀತಿಸಂಹಿತೆ ಇಲ್ಲವಲ್ಲ ಎಂದು ಅಪ್ಪ ಪ್ರತಿ ಸಲ ಗೊಣಗುತ್ತಾರೆ.

ಇದೆಲ್ಲ ಮುಗಿದ ಮೇಲೆ ಹೆಂಡತಿ ಕೇಳಿದಳು, ‘ನೀವು ಶಿವಮೊಗ್ಗಕ್ಕೆ ಹೋದ ದಿನ?’ ಲೈಸನ್ಸ್ ನನ್ನದು. ಅವಳು ಮುಟ್ಟುವ ಹಾಗಿಲ್ಲ, ಬೀಗದ ಕೈಯೂ ನನ್ನ ಜೊತೆ ಹೋಗುತ್ತದೆ. ಅವಳ ಹೆಸರಿಗೂ ಅರ್ಜಿ ಹಾಕೋಣ ಎಂದೆ. ಬೇಡವಂತೆ. ಹಿಂಬಾಗಿಲಿನ ಚಿಲಕ ಮೂರು ವರ್ಷದಿಂದ ಅಲುಗಾಡುತ್ತಿದೆ, ಅದಕ್ಕೆ ಆಚಾರಿಯನ್ನು ಯಾವಾಗ ಕರೆಸುತ್ತೀರಿ ಎಂದಳು. ನಿನ್ನೆ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.