ವಖಾರಿಯಲ್ಲಿ ಚಿತ್ರೀಕರಿಸಿದ ರಸಾಯನಶಾಸ್ತ್ರ

ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನದ ವರ್ಷ ಕಾಲೇಜುಗಳಲ್ಲಿ ಒಡಂಬಡಿಕೆಗಳ ಸುಗ್ಗಿ. ಯಾವುದೋ ಕಂಪನಿಯವರು ಬರುತ್ತಾರೆ, ಶಾಲು ಹೊದೆಸಿಕೊಳ್ಳುತ್ತಾರೆ, ಸಹಿ ಹಾಕಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆ ಪತ್ರದಡಿ ಏನೇನು ನಡೆದಿದೆ ಎಂದು ನ್ಯಾಕ್ ಕೇಳುತ್ತದೆ, ನಿಜ. ಒಂದು ಉಪನ್ಯಾಸ, ಒಂದು ಭೇಟಿಯ ವರದಿ ತೋರಿಸಿದರೆ ಕೆಲಸ ಸಾಗುತ್ತದೆ. ನಾನು ಶಿರಸಿಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಊರಿನದೇ ಒಂದು ಅಡಿಕೆ ಸಹಕಾರ ಸಂಘದ ಜೊತೆ ಸೇರಿ ಆನ್‌ಲೈನ್ ಪಾಠ ಮಾಡುವ ಮಾತು ಬಂದಾಗ ಸಂಘದ ವ್ಯವಸ್ಥಾಪಕರು ನೇರವಾಗಿಯೇ ಹೇಳಿದರು: "ಶಾಲಿನ ಕಾರ್ಯಕ್ರಮ ಬೇಕಾದರೆ ಆಮೇಲೆ ಇಟ್ಟುಕೊಳ್ಳೋಣ ಮೇಡಮ್. ಮೊದಲು ನಮ್ಮ ಹೊಸ ಹುಡುಗರಿಗೆ ಮಾಲು ಗುರುತಿಸುವುದು ಬರಬೇಕು."

ಅವರ ತೊಂದರೆ ಸ್ಪಷ್ಟವಾಗಿತ್ತು. ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಚಿಪ್ಪು ಎಂಬ ದರ್ಜೆಗಳಾಗಿ ಹತ್ತಾರು ವರ್ಷ ಅಡಿಕೆ ಬೇರೆ ಮಾಡಿದ ಕೈಗಳು ನಿವೃತ್ತಿಯ ಅಂಚಿನಲ್ಲಿದ್ದವು. ಹೊಸದಾಗಿ ಸೇರಿದವರಿಗೆ ಕಂಪ್ಯೂಟರಿನಲ್ಲಿ ಟೆಂಡರ್ ದರ ತುಂಬುವುದು ಬರುತ್ತಿತ್ತು, ಚೀಲದ ಬಾಯಿ ಬಿಚ್ಚಿ ದರ್ಜೆ ಹೇಳುವುದು ಬರುತ್ತಿರಲಿಲ್ಲ. 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ಮೇಲೆ ದರ್ಜೆಯ ಮಾತಿಗೆ ಇನ್ನಷ್ಟು ತೂಕ ಬಂದಿತ್ತು. ನನ್ನ ಕಡೆಯ ತೊಂದರೆ ಬೇರೆ. ತೋಟದ ಮನೆಗಳಿಂದಲೇ ಬರುವ ನನ್ನ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಬ್ಯುರೆಟ್ ಹಿಡಿಯುತ್ತಾರೆ, ಮನೆಯಲ್ಲಿ ಅಡಿಕೆ ಸುಲಿಯುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಕ್ಯಾಮೆರಾ, ಮೈಕು, ಆನ್‌ಲೈನ್ ಪಾಠ ನಡೆಸುವ ಮೂಡಲ್ ತಂತ್ರಾಂಶ ಇವೆಲ್ಲ ಸುಲಭವಾಗಿ ಹೊಂದಿಕೊಂಡವು. ಮೂಡಲ್ ಉಚಿತ, ಕಾಲೇಜಿನ ಸರ್ವರಿನಲ್ಲಿ ಕೂರಿಸಲು ಕಂಪ್ಯೂಟರ್ ವಿಭಾಗದ ಸಹೋದ್ಯೋಗಿ ಸಾಕಾದರು. ತಡೆದದ್ದು ಕೂಲಿಯ ಲೆಕ್ಕ. ವಖಾರಿಯಲ್ಲಿ ಅಡಿಕೆ ಆರಿಸುವ ಹೆಂಗಸರಿಗೆ ಆರಿಸಿದ ತೂಕದ ಮೇಲೆ ಹಣ. ನಾನು ಕ್ಯಾಮೆರಾ ಹಿಡಿದು "ಇದನ್ನು ಇನ್ನೊಮ್ಮೆ ನಿಧಾನವಾಗಿ ತೋರಿಸಿ" ಎಂದ ಪ್ರತಿ ಸಲವೂ ಅವರ ದುಡಿಮೆಯಿಂದ ಒಂದಿಷ್ಟು ಕತ್ತರಿಸಿದಂತೆ. ಅವರಲ್ಲಿ ಹಿರಿಯಳೊಬ್ಬಳು ನಗುತ್ತಲೇ ಕೇಳಿದಳು: "ಅಕ್ಕೋರೇ, ನಿಮಗೆ ಪಾಠ ಮಾಡಿದರೆ ಸಂಬಳ ಬರುತ್ತದೆ. ನಮಗೆ?" ಉತ್ತರ ಒಡಂಬಡಿಕೆಯ ಕರಡಿನಲ್ಲಿ ಎಲ್ಲೂ ಇರಲಿಲ್ಲ. ಕಾಲೇಜಿನವರು 'ಸಂಪನ್ಮೂಲ ವ್ಯಕ್ತಿಗೆ ಗೌರವಧನ' ಎಂದು ಸೇರಿಸಬಹುದು ಎಂದರು. ಅದಕ್ಕೆ ಪದವಿ ಪ್ರಮಾಣಪತ್ರದ ಪ್ರತಿ ಲಗತ್ತಿಸಬೇಕಂತೆ! ಕೊನೆಗೆ ಸಂಘವೇ ಒಪ್ಪಿಕೊಂಡಿತು: ಚಿತ್ರೀಕರಣದ ದಿನ ಆರಿಸುವವರಿಗೆ ಪೂರ್ತಿ ದಿನದ ಕೂಲಿ, ತೂಕ ಎಷ್ಟೇ ಆಗಿರಲಿ. ಈ ಒಂದು ಸಾಲು ಬರೆಸಿಕೊಂಡ ಮೇಲೆಯೇ ಕೆಲಸ ಮುಂದೆ ಹೋಯಿತು. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ವೇದಿಕೆಯ ಮಾದರಿಯಲ್ಲಿ ವಿಡಿಯೊ, ಓದುವ ಪಠ್ಯ, ಚರ್ಚೆ, ಸ್ವಮೌಲ್ಯಮಾಪನ ಎಂದು ನಾಲ್ಕು ಭಾಗಗಳಿರುತ್ತವಷ್ಟೆ. ಕಲಿಸುವವರ ಹೊತ್ತಿಗೆ ಬೆಲೆ ಕಟ್ಟುವ ಭಾಗವೊಂದು ಅಲ್ಲಿ ಇಲ್ಲ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಪಾಠ ಮಾಡುವಲ್ಲಿ ಆ ಪ್ರಶ್ನೆ ಏಳುವುದೂ ಇಲ್ಲ.

ಮುಂದಿನ ಪಾಠ ಸದ್ದಿನದು. ಸಿಪ್ಪೆಗೋಟು, ಅಂದರೆ ಸಿಪ್ಪೆ ಸಮೇತ ಒಣಹಾಕಿದ ಅಡಿಕೆ, ಒಣಗಿದೆಯೇ ಎಂದು ನೋಡಲು ನಮ್ಮವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಣಗಿದ್ದರೆ ಒಳಗಿನ ಅಡಿಕೆ ಸಿಪ್ಪೆಯಿಂದ ಬಿಟ್ಟುಕೊಂಡು ಗಲಗಲ ಎನ್ನುತ್ತದೆ. ಆನ್‌ಲೈನ್ ತರಗತಿಯಲ್ಲಿ ಇದನ್ನು ತೋರಿಸಿದರೆ ಆ ಕಡೆಯವರಿಗೆ ಏನೂ ಕೇಳುವುದಿಲ್ಲ, ಏಕೆಂದರೆ ಸಭೆ ನಡೆಸುವ ಆ್ಯಪ್‌ಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಉಳಿದ ಸದ್ದನ್ನೆಲ್ಲ ಗದ್ದಲವೆಂದು ಅಳಿಸುತ್ತವೆ. ಅವುಗಳ ಲೆಕ್ಕದಲ್ಲಿ ನಮ್ಮ ಅಡಿಕೆಯೂ ಗದ್ದಲವೇ. ಹಾಗಾಗಿ ಸದ್ದು ಸೋಸುವ ಆ ಸೌಲಭ್ಯವನ್ನು ಆಫ್ ಮಾಡಿ, ಸಂಘದ ಸದಸ್ಯರೊಬ್ಬರ ಅಂಗಳದಲ್ಲಿ ಹಸಿಯದು, ಅರೆ ಒಣಗಿದ್ದು, ಪೂರ್ತಿ ಒಣಗಿದ್ದು ಎಂದು ಮೂರು ಧ್ವನಿಮುದ್ರಿಕೆ ಮಾಡಿಕೊಂಡೆವು. ಇಡೀ ಕೋರ್ಸಿನಲ್ಲಿ ಅತಿ ಹೆಚ್ಚು ಸಲ ತೆರೆದು ಕೇಳಿದ ಕಡತಗಳು ಇವೇ. ವಿಡಿಯೊಗಳಿಗಿಂತ ಎಷ್ಟೋ ಹಗುರ. ಒಂದೇ ಗೆರೆಯ ನೆಟ್‌ವರ್ಕಿನಲ್ಲೂ ಇಳಿಯುತ್ತವೆ.

ಕಿವಿಯ ತೀರ್ಪನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ವಿದ್ಯಾರ್ಥಿಗಳ ಪಾಲು. ಅಡಿಕೆ ಪುಡಿ ಮಾಡಿ ತೂಗಿ, 105 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೂಗುವುದು. ಆಹಾರ ಸುರಕ್ಷತೆಯ ಮಾನದಂಡ ಶೇ. 7ಕ್ಕಿಂತ ಹೆಚ್ಚು ತೇವಾಂಶ ಬೇಡ ಎನ್ನುತ್ತದೆ. ಮಲೆನಾಡಿನ ಹವೆಯಲ್ಲಿ ಇದು ಕಷ್ಟವೆಂದು ಬೆಳೆಗಾರರ ಸಂಸ್ಥೆಗಳು ಹೇಳುತ್ತ ಬಂದಿವೆ. ಹಿರಿಯ ಕೈಗಳ ಅಂದಾಜೂ ಓವನ್‌ನ ಅಂಕಿಯೂ ಬೇಸಿಗೆಯ ಮಾಲಿನಲ್ಲಿ ಚೆನ್ನಾಗಿ ಹೊಂದಿದವು. ಮಳೆಗಾಲ ದಾಟಿದ ದಾಸ್ತಾನಿನಲ್ಲಿ ಹೊಂದಲಿಲ್ಲ: ಹೊರಗೆ ಗಟ್ಟಿ ಎನಿಸಿದ ಅಡಿಕೆ ಒಳಗೆ ತೇವ ಹೀರಿಕೊಂಡಿತ್ತು. ಅಂದಾಜು, ಅಂಕಿ ಎರಡನ್ನೂ ಹೋಲಿಸಿದ ಪಟ್ಟಿಯನ್ನು ಸಂಘದವರು ಗೋದಾಮಿನ ಗೋಡೆಗೆ ಅಂಟಿಸಿಕೊಂಡರು. ಸಂಘಕ್ಕೆ ಕಾಲೇಜಿನಿಂದ ನಿಜವಾಗಿ ದಕ್ಕಿದ್ದು ಇದು.

ಕೊಳೆರೋಗ ತಡೆಯಲು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಪಾಠ ನನಗೆ ಅತ್ಯಂತ ಪ್ರಿಯವಾದದ್ದು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಬೇಕು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಬ್ಬಿಣದ ಪಾತ್ರೆ ಕೂಡದು. ತಯಾರಾದ ದ್ರಾವಣದಲ್ಲಿ ಹೊಳೆಯುವ ಕತ್ತಿಯ ಅಲಗನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಕಡಿಮೆ ಎಂದರ್ಥ. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರದಬ್ಬುವ ಆ ಕ್ರಿಯೆಯನ್ನು ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಸಮೀಕರಣವಾಗಿ ಬರೆದಿದ್ದೇನೆ. ಅದನ್ನು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನೊಬ್ಬ ತನ್ನ ಕತ್ತಿಯಿಂದಲೇ ಮಾಡಿ ತೋರಿಸುವ ಎರಡು ನಿಮಿಷದ ತುಣುಕಿಗೆ ನನ್ನ ವಿವರಣೆಯನ್ನು ಅಡಿಬರಹವಾಗಿ ಮಾತ್ರ ಹಾಕಿದೆ.

ಈ ದ್ರಾವಣದ ಕಥೆಯೇ ಜ್ಞಾನ ವಿನಿಮಯದ ಕಥೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಸುಣ್ಣ, ಮೈಲುತುತ್ತು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲಿಲ್ಲ ಎಂಬುದನ್ನು ಅಲ್ಲಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು. ರೈತನ ಉಪಾಯ ಪ್ರಾಧ್ಯಾಪಕನ ಕೈದಾಟಿ ಮತ್ತೆ ರೈತನ ತೋಟಕ್ಕೇ ಬಂತು. ವಿದ್ಯಾರ್ಥಿಗಳಿಗೆ ಈ ಕಥೆ ಹಿಡಿಸಿತು, ವ್ಯವಸ್ಥಾಪಕರಿಗೂ.

ಸೆಮಿಸ್ಟರಿಗೂ ಅಡಿಕೆಗೂ ಪಂಚಾಂಗ ಕೂಡುವುದಿಲ್ಲ. ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮುನ್ನ, ಆಗ ಕಾಲೇಜಿಗೆ ರಜೆ. ವಖಾರಿಯಲ್ಲಿ ಕಾಲಿಡಲು ಜಾಗವಿಲ್ಲದ ತಿಂಗಳುಗಳಲ್ಲಿ ನಮಗೆ ಪರೀಕ್ಷೆ. ಚಿತ್ರೀಕರಣ ಅಡಿಕೆಯ ಕಾಲಕ್ಕೆ, ಪಾಠ ಕಾಲೇಜಿನ ಕಾಲಕ್ಕೆ ಎಂದು ಮಾಡಿಕೊಂಡೆವು. ಆನ್‌ಲೈನ್ ಪಾಠದಿಂದ ನಮಗಾದ ದೊಡ್ಡ ಉಪಕಾರ ದೂರ ಕಡಿಮೆಯಾದದ್ದಲ್ಲ, ಈ ಕಾಲದ ಅಂತರ ತುಂಬಿದ್ದು. ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳ ಮಕ್ಕಳು ಮೂಡಲ್ ಆ್ಯಪ್‌ನಲ್ಲಿ ಕಾಲೇಜಿನ ವೈಫೈಯಿಂದ ಪಾಠ ಇಳಿಸಿಕೊಂಡು ಮನೆಗೆ ಒಯ್ಯುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಮೊಬೈಲಿನಲ್ಲಿ ಪಾಠ ಇರುತ್ತದೆ, ಚಾರ್ಜ್ ಇದ್ದಷ್ಟು ಹೊತ್ತು.

ಜಗಳವಾದದ್ದು ಒಂದೇ ಸಲ. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ಅದರ ವರದಿ 2004ರದು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕದ ಮೇಲಿನ ಪಾಠದಲ್ಲಿ ಇದನ್ನು ಬರೆದಿದ್ದೆ. ಸಂಘದ ನಿರ್ದೇಶಕರೊಬ್ಬರು ಆ ಪುಟ ತೆಗೆಯಿರಿ ಎಂದರು; ನಮ್ಮ ಹಣದಲ್ಲಿ ನಮ್ಮ ಬೆಳೆಯನ್ನೇ ಹಳಿಯುವುದೇ ಎಂಬುದು ಅವರ ಪ್ರಶ್ನೆ. ನನ್ನ ಮನೆಯ ಊಟವೂ ಅಡಿಕೆಯಿಂದಲೇ ಬಂದದ್ದು, ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೂ ಪುಟ ತೆಗೆಯಲಿಲ್ಲ. ಅಲ್ಲಿಂದ ಒಡಂಬಡಿಕೆಗೆ ಇನ್ನೊಂದು ಕಲಮು ಸೇರಿತು: ವಿಜ್ಞಾನದ ಪಾಠದಲ್ಲಿ ಕೊನೆಯ ಮಾತು ಕಾಲೇಜಿನದು, ವ್ಯಾಪಾರದ ಪಾಠದಲ್ಲಿ ಸಂಘದ್ದು. ಅದರಂತೆ ರಸಾಯನಶಾಸ್ತ್ರದ ಭಾಗ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಮುಕ್ತ. ದರ ಅಂದಾಜಿಸುವ ಭಾಗ ಸಂಘದ ನೌಕರರಿಗೆ ಮತ್ತು ನೋಂದಾಯಿಸಿಕೊಂಡ ವಿದ್ಯಾರ್ಥಿಗಳಿಗೆ ಮಾತ್ರ.

ಅಂಕಗಳ ವಿಷಯ ಇನ್ನೂ ಅಡ್ಡಾದಿಡ್ಡಿ. ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮ ಅವಕಾಶ ಕೊಟ್ಟಿದೆ, ಆದರೆ ನಮ್ಮಂತಹ ಊರಿನ ಕೋರ್ಸು ಅದರೊಳಗೆ ಬರುವುದಿಲ್ಲ. ಸದ್ಯಕ್ಕೆ ಕಿರು ಯೋಜನಾ ಕೆಲಸದ ಅಂಕಕ್ಕೆ ಜೋಡಿಸಿದ್ದೇವೆ. ಪರೀಕ್ಷೆ ಮಾತ್ರ ಆನ್‌ಲೈನ್ ಅಲ್ಲ: ಕಲಸಿದ ಒಂದು ಬುಟ್ಟಿ ಅಡಿಕೆ ಮುಂದಿಟ್ಟು ದರ್ಜೆ ಬೇರೆ ಮಾಡಲು ಹೇಳುತ್ತೇವೆ, ಆರಿಸುವ ಹೆಂಗಸರು ನೋಡಿ ಅಂಕ ಹಾಕುತ್ತಾರೆ. ಅವರು ನನಗಿಂತ ಬಿಗಿ.

ಕಾರವಾರದ ಕಾಲೇಜಿನ ಗೆಳತಿಯೊಬ್ಬಳು ಒಣಮೀನಿನ ಮೇಲೆ ಇಂತಹುದೇ ಕೋರ್ಸು ಮಾಡಬೇಕೆಂದಿದ್ದಾಳೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ ಎಂದಿದ್ದೇನೆ. ಮರಳಿನ ಮೇಲೆ ಮೀನು ಹರವುವ ಹೆಂಗಸರು ತಮ್ಮದೇ ವ್ಯಾಪಾರ ಮಾಡುವವರು, ಕೂಲಿ ಕೊಡಲು ಅಲ್ಲಿ ಸಂಘವಿಲ್ಲ. ಚಿತ್ರೀಕರಣದ ದಿನ ಅವರಿಗಾಗುವ ನಷ್ಟವನ್ನು ಯಾವ ಲೆಕ್ಕದ ಶೀರ್ಷಿಕೆಯಡಿ ಹಾಕುವುದು ಎಂದು ಅವಳ ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಹೋಗಿದೆ.