ಎರಡು ಬಾಟಲಿ, ಒಂದೇ ಹದದ ಒತ್ತಡ: ಅಕ್ವೇರಿಯಂ ಗಿಡಗಳಿಗೆ ಅನಿಲ ಕೊಟ್ಟ ನನ್ನ ಅನುಭವ

ಅಕ್ವೇರಿಯಂ ಗಿಡಗಳಿಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಹುಟ್ಟಿಸುವುದು ಸುಲಭ. ಅದನ್ನು ಹಗಲೆಲ್ಲ ಒಂದೇ ಹದದಲ್ಲಿ ಹರಿಸುವುದೇ ನಿಜವಾದ ಕೆಲಸ. ಮೊದಲು ನಾನು ಸಕ್ಕರೆ ನೀರಿಗೆ ಯೀಸ್ಟ್ ಹಾಕುತ್ತಿದ್ದೆ. ಯೀಸ್ಟ್ ಸೆಕೆಗೆ ಚುರುಕಾಗುತ್ತದೆ, ಚಳಿಗೆ ಮಂಕಾಗುತ್ತದೆ, ತಾನೇ ತಯಾರಿಸಿದ ಆಲ್ಕೋಹಾಲ್ ಏರಿದಂತೆ ಸೊರಗುತ್ತದೆ. ರಾತ್ರಿ ಅನಿಲ ಬೇಡವೆಂದು ವಾಲ್ವ್ ಮುಚ್ಚಿದರೆ ಒಳಗೆ ಒತ್ತಡ ಏರುತ್ತಲೇ ಹೋಗುತ್ತದೆ.

ಹಾಗಾಗಿ ಸಿಟ್ರಿಕ್ ಆಮ್ಲ ಮತ್ತು ಅಡುಗೆ ಸೋಡಾಕ್ಕೆ ಬದಲಾಯಿಸಿದೆ. ಒಂದು ಬಾಟಲಿಯಲ್ಲಿ ಆಮ್ಲದ ದ್ರಾವಣ, ಇನ್ನೊಂದರಲ್ಲಿ ಸ್ವಲ್ಪ ನೀರು ಬೆರೆಸಿದ ಸೋಡಾ, ಎರಡಕ್ಕೂ ಕೊಳವೆಗಳ ಸಂಪರ್ಕ. ಆಮ್ಲದ ಬಾಟಲಿಯನ್ನು ಒಮ್ಮೆ ಹಿಂಡಿದರೆ ಕೊಂಚ ದ್ರಾವಣ ಸೋಡಾದ ಮೇಲೆ ಬೀಳುತ್ತದೆ, ನೊರೆ ಉಕ್ಕುತ್ತದೆ, ಅನಿಲ ಎರಡೂ ಬಾಟಲಿಗಳನ್ನು ತುಂಬಿ ಒತ್ತಡ ಸಮವಾಗುತ್ತದೆ. ಅನಿಲ ಹೊರಗೆ ಹೋಗುವುದು ಸೋಡಾ ಬಾಟಲಿಯಿಂದ. ಅಲ್ಲಿ ಒತ್ತಡ ತಗ್ಗಿದರೂ, ಅನಿಲ ಹಿಂದಿರುಗದಂತೆ ತಡೆಯುವ ಏಕಮುಖ ವಾಲ್ವ್ ಇರುವುದರಿಂದ, ಆಮ್ಲದ ಬಾಟಲಿಯಲ್ಲಿ ತಗ್ಗುವುದಿಲ್ಲ. ಆ ವ್ಯತ್ಯಾಸವೇ ಮತ್ತಷ್ಟು ಆಮ್ಲವನ್ನು ತಳ್ಳುತ್ತದೆ. ಅನಿಲ ಹೊರಹೋಗುವ ವಾಲ್ವ್ ಮುಚ್ಚಿದರೆ ಉತ್ಪಾದನೆಯೂ ತಾನಾಗಿ ನಿಲ್ಲುತ್ತದೆ. ಈ ಜಾಣತನಕ್ಕೆ ನಾನು ಮನಸೋತಿದ್ದೇನೆ.

ಲೆಕ್ಕ ಸರಳ: 252 ಗ್ರಾಂ ಸೋಡಾಕ್ಕೆ ನೀರಿನಂಶವಿಲ್ಲದ ಸಿಟ್ರಿಕ್ ಆಮ್ಲ 192 ಗ್ರಾಂ. ಎರಡೂ ಪೂರ್ತಿ ವರ್ತಿಸಿದರೆ 132 ಗ್ರಾಂ, ಅಂದರೆ ಸುಮಾರು 70 ಲೀಟರ್ ಅನಿಲ. ಬಾಟಲಿ ಮಾತ್ರ ಸೋಡಾ ಪಾನೀಯದ್ದೇ ಆಗಿರಬೇಕು, ಏಕೆಂದರೆ ಅದು ಒತ್ತಡ ತಾಳಲೆಂದೇ ಮಾಡಿದ್ದು. ಗಾಜಿನ ಬಾಟಲಿ ಖಂಡಿತ ಬೇಡ. ಮುಚ್ಚಳದಲ್ಲಿ ಒತ್ತಡ ಮಾಪಕವೂ ಸುರಕ್ಷತಾ ವಾಲ್ವೂ ಇಲ್ಲದೆ ನಾನು ಇದನ್ನು ನಡೆಸುವುದಿಲ್ಲ. ಸಿಲಿಕೋನ್ ಕೊಳವೆಯ ಮೂಲಕ ಈ ಅನಿಲ ಮೆಲ್ಲಗೆ ಸೋರುತ್ತದೆ, ಆದ್ದರಿಂದ ಪಾಲಿಯುರೆಥೇನ್ ಕೊಳವೆ ಬಳಸುತ್ತೇನೆ. ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿದರೆ ಸೋರುವ ಜಾಗ ಗುಳ್ಳೆಯಾಗಿ ಕಾಣುತ್ತದೆ.

ಬಾಟಲಿಯೊಳಗಿನ ಒತ್ತಡ ಅಲ್ಪಸ್ವಲ್ಪ ಏರಿಳಿಯುತ್ತದೆ. ಹರಿವನ್ನು ಹದದಲ್ಲಿ ಇಡುವುದು ಸೂಜಿ ವಾಲ್ವ್. ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಕಾದು, ಗುಳ್ಳೆ ಎಣಿಸಿ, ಮತ್ತೆ ತಿರುಗಿಸಬೇಕು. ಅವಸರ ಮಾಡಿದರೆ ಹದ ಸಿಗುವುದಿಲ್ಲ. ಎರಡು ಸೆಕೆಂಡಿಗೊಂದು ಗುಳ್ಳೆಯಿಂದ ಆರಂಭಿಸುತ್ತೇನೆ. ತೊಟ್ಟಿಯಲ್ಲಿ ನೇತುಹಾಕಿದ ಸೂಚಕ ದ್ರವ ನೀಲಿಯಿದ್ದರೆ ಅನಿಲ ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಅತಿಯಾಯಿತು. ಬಣ್ಣ ಬದಲಾಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಮೀನುಗಳ ಮೇಲೂ ಕಣ್ಣಿಟ್ಟಿರುತ್ತೇನೆ. ಅವು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ತಕ್ಷಣ ವಾಲ್ವ್ ಮುಚ್ಚಿ ಏರ್ ಪಂಪ್ ಹಾಕುತ್ತೇನೆ. ಮಿಶ್ರಣ ಬದಲಿಸುವಾಗ ಮಾಪಕ ಸೊನ್ನೆಗೆ ಇಳಿದ ಮೇಲಷ್ಟೇ ಮುಚ್ಚಳಕ್ಕೆ ಕೈ ಹಾಕುತ್ತೇನೆ.