ಕಥೆಯ ಚಿತ್ರಕ್ಕೆ 1911 ಪಿಸ್ತೂಲು ಬರೆಯುವುದು ಹೇಗೆ

ತುಂಬಾ ವರ್ಷಗಳ ಹಿಂದೆ ಒಂದು ವಾರಪತ್ರಿಕೆಯ ಕಥೆಗೆ ಚಿತ್ರ ಬರೆದುಕೊಟ್ಟಿದ್ದೆ. 1918ರ ಫ್ರಾನ್ಸ್, ಕಂದಕದಲ್ಲಿ ಅಮೆರಿಕದ ಸಿಪಾಯಿ, ಕೈಯಲ್ಲಿ ಪಿಸ್ತೂಲು. ಸ್ವಲ್ಪ ದಿನಕ್ಕೆ ಓದುಗರೊಬ್ಬರ ಕಾರ್ಡು ಬಂತು: "ನಿಮ್ಮ ಸಿಪಾಯಿ ಇನ್ನೂ ಹುಟ್ಟದ ಪಿಸ್ತೂಲು ಹಿಡಿದಿದ್ದಾನಲ್ಲ ಸ್ವಾಮಿ!"

ಅವರು ಹೇಳಿದ್ದು ಸರಿ. ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ ಒಪ್ಪಿಕೊಂಡಿದ್ದು 1911ರ ಮಾರ್ಚ್ 29ರಂದು. ಅದಕ್ಕೂ ಮುಂಚೆ ಪರೀಕ್ಷೆಯಲ್ಲಿ 6,000 ಗುಂಡು ಹಾರಿಸಿದರೂ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಾನು ಬರೆದಿದ್ದು 1920ರ ದಶಕದಲ್ಲಿ ತಿದ್ದಿದ ಎ1 ಮಾದರಿ. ಹಾಗಾಗಿ ಪೆನ್ಸಿಲ್ ಹಿಡಿಯುವ ಮೊದಲು ಕಥೆಯ ಇಸವಿ ನೋಡಿಕೊಳ್ಳಿ.

ಮೊದಲ ಮಹಾಯುದ್ಧವಾದರೆ ಹಿಡಿಯ ಹಿಂಬದಿಯ ಗೆರೆ ನೆಟ್ಟಗಿರಲಿ, ಟ್ರಿಗರ್ ಉದ್ದವಿರಲಿ, ಮರದ ಹಿಡಿಯ ಸ್ಕ್ರೂ ಸುತ್ತ ವಜ್ರಾಕೃತಿ ಬರಲಿ. ಎರಡನೆಯದಾದರೆ ಹಿಂಬದಿ ಉಬ್ಬಿರಬೇಕು, ಟ್ರಿಗರ್ ಗಿಡ್ಡ, ಅದರ ಹಿಂದೆ ಬೆರಳು ಕೂರಲು ಅರ್ಧಚಂದ್ರದಂಥ ತಗ್ಗು. ಹಿಡಿಯ ಮೇಲ್ತುದಿಯ ಬಾಲವೂ ಉದ್ದ. ಹಳೆಯದರಲ್ಲಿ ಹೆಬ್ಬೆರಳ ಬುಡದ ಚರ್ಮ ಹ್ಯಾಮರ್‌ಗೆ (ಹಿಂಬದಿಯಲ್ಲಿ ಗುಂಡು ಸಿಡಿಸುವ ಪುಟ್ಟ ಸುತ್ತಿಗೆ) ಸಿಕ್ಕಿ ಚಿವುಟುತ್ತಿತ್ತಂತೆ, ಅದಕ್ಕೇ ಈ ಬಾಲ ಬೆಳೆಯಿತು. ಅಂದಹಾಗೆ, ಎರಡನೇ ಮಹಾಯುದ್ಧದಲ್ಲಿ ಹೊಲಿಗೆ ಮೆಷಿನ್ನಿನ ಸಿಂಗರ್ ಕಂಪನಿಯೂ ಇಂಥ 500 ಪಿಸ್ತೂಲು ಮಾಡಿಕೊಟ್ಟಿತ್ತು. ನಮ್ಮಮ್ಮ ರವಿಕೆ ಹೊಲಿಯುತ್ತಿದ್ದ ಮೆಷಿನ್ ಮೇಲಿದ್ದ ಅದೇ ಹೆಸರು!

ಅಳತೆಗೆ ಬನ್ನಿ. ನಳಿಗೆ 5 ಇಂಚು, ಒಟ್ಟು ಉದ್ದ ಸುಮಾರು ಎಂಟೂವರೆ. ಮೊದಲು ಮೇಲಿನ ಸ್ಲೈಡ್ ಅನ್ನು, ಅಂದರೆ ನಳಿಗೆಯನ್ನು ಮುಚ್ಚಿಕೊಂಡು ಹಿಂದೆ ಮುಂದೆ ಸರಿಯುವ ಕವಚವನ್ನು, ಒಂದೇ ಉದ್ದ ಪಟ್ಟಿಯಾಗಿ ಎಳೆಯಿರಿ, ಆಮೇಲೆ ಹಿಡಿ. ಎಡಗಡೆಯಿಂದ ಬರೆದರೆ ಕೆಲಸ ಜಾಸ್ತಿ: ಸೇಫ್ಟಿ, ಸ್ಲೈಡ್ ತಡೆಯುವ ಚಿಲಕ, ಮ್ಯಾಗಜಿನ್ (ಹಿಡಿಯೊಳಗಿನ ಗುಂಡಿನ ಡಬ್ಬಿ) ಬಿಡಿಸುವ ಗುಂಡಿ ಎಲ್ಲ ಆ ಕಡೆಗೇ ಇವೆ. ಖಾಲಿ ತೋಟಾ ಹಾರುವ ಕಿಂಡಿ ಮಾತ್ರ ಬಲಗಡೆ. ಖಾಲಿ ಪಿಸ್ತೂಲೇ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ, ಹಿಡಿದವನ ಮಣಿಕಟ್ಟಿನಲ್ಲಿ ಆ ಭಾರ ಕಾಣಬೇಕು.

ಗುಂಡು ಹಾರುವ ದೃಶ್ಯದಲ್ಲೇ ಎಲ್ಲರೂ ಎಡವುವುದು. ನಳಿಗೆಯ ಬೆನ್ನಿನ ಏಣುಗಳು ಸ್ಲೈಡಿನ ಒಳಗಿನ ತೋಡುಗಳಲ್ಲಿ ಕೂತಿರುತ್ತವೆ. ಗುಂಡು ಹೊರಟಾಗ ಎರಡೂ ಕಚ್ಚಿಕೊಂಡೇ ಸ್ವಲ್ಪ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಕೆಳಗಿನ ಪುಟ್ಟ ಕೊಂಡಿ ನಳಿಗೆಯ ಹಿಂತುದಿಯನ್ನು ಕೆಳಕ್ಕೆ ಎಳೆಯುತ್ತದೆ. ಬಿಡಿಸಿಕೊಂಡ ಸ್ಲೈಡ್ ಒಂದೇ ಹಿಂದಕ್ಕೆ ಹೋಗಿ, ಖಾಲಿ ತೋಟಾ ಎಸೆದು, ಹ್ಯಾಮರ್ ಮಡಚಿ, ಸ್ಪ್ರಿಂಗಿನ ಬಲದಿಂದ ಮುಂದೆ ಬರುತ್ತಾ ಹೊಸ ಗುಂಡನ್ನು ತಳ್ಳುತ್ತದೆ. ಇಲ್ಲಿ ಟ್ರಿಗರ್ ಹ್ಯಾಮರ್ ಅನ್ನು ಬೀಳಿಸುತ್ತದೆ ಅಷ್ಟೆ, ಎತ್ತುವುದಿಲ್ಲ. ಆದ್ದರಿಂದ ನಾಯಕ ಗುಂಡು ಹಾರಿಸುತ್ತಲೇ ಇದ್ದಾನೆ ಅಂದರೆ ಹೊಡೆತದ ನಡುವೆ ಹ್ಯಾಮರ್ ಹಿಂದಕ್ಕೆ ಮಡಚಿರಲೇಬೇಕು.

ಮ್ಯಾಗಜಿನ್ನಿನಲ್ಲಿ ಹಿಡಿಯುವುದು 7 ಗುಂಡು. ಕೊನೆಯದೂ ಹೋದಮೇಲೆ ಸ್ಲೈಡ್ ಹಿಂದೆಯೇ ನಿಲ್ಲುತ್ತದೆ, ಮುಂದೆ ಬೋಳು ನಳಿಗೆ ಮೂಗು ಚೂರು ಮೇಲೆತ್ತಿಕೊಂಡು ಇಣುಕುತ್ತದೆ. "ಗುಂಡು ಖಾಲಿ!" ಅಂತ ಕಥೆಯಲ್ಲಿ ಬಂದರೆ ಬರೆಯಬೇಕಾದ್ದು ಹೀಗೆ. ಸ್ಲೈಡ್ ಮುಚ್ಚಿ ಬರೆದಿರೋ, ನಿಮಗೂ ಒಂದು ಕಾರ್ಡು ಗ್ಯಾರಂಟಿ.